ಬಿಲ್ಲೆ ಕೋಣೆಯ ಮೌನ

ಸಿಸ್ಟರ್ ಥೆಕ್ಲಾ ಪುಣ್ಯವಂತೆಯೆಂದು ಮಠದಲ್ಲಿ ಎಲ್ಲರೂ ಹೇಳುತ್ತಿದ್ದರು, ಥೆಕ್ಲಾ ಒಬ್ಬಳನ್ನು ಬಿಟ್ಟು. ಅವಳು ಹಾಗೆ ಹೇಳದಿರುವುದನ್ನು ವಿನಯವೆಂದು ತಿಳಿದು ಅದನ್ನೂ ಅವಳ ಪುಣ್ಯಕ್ಕೇ ಸೇರಿಸುತ್ತಿದ್ದರು. ಕನ್ಯಾಮಠದಲ್ಲಿ ಒಮ್ಮೆ ಒಳ್ಳೆಯ ಹೆಸರು ಬಂದರೆ ಮುಗಿಯಿತು, ಅದನ್ನು ಕಳೆದುಕೊಳ್ಳಲು ಬಹಳ ಶ್ರಮಪಡಬೇಕು.

ಅವಳು ಹುಟ್ಟಿದ್ದು ಬರ್ಸ್ಲೆಮ್ಮಿನಲ್ಲಿ, ಐವಿ ಟನಿಕ್ಲಿಫ್ ಎಂಬ ಹೆಸರಿನಲ್ಲಿ. ಅಪ್ಪ ಪಿಂಗಾಣಿ ಕಾರ್ಖಾನೆಯ ಭಟ್ಟಿಗೆ ಬೆಂಕಿ ಹಾಕುವವನು, ಕಟ್ಟಾ ಮೆಥಡಿಸ್ಟ್; ಮಠ, ಸನ್ಯಾಸಿನಿ ಅಂದರೆ ಆ ಪಂಗಡದವರಿಗೆ ರೋಮಿನ ಪೋಪನ ಕಡೆಯವರು. ಮಗಳು ಆಂಗ್ಲಿಕನ್ ಮಠ ಸೇರುತ್ತೇನೆಂದಾಗ ಅವನು ಓದುತ್ತಿದ್ದ ಪೇಪರನ್ನು ಕೆಳಗಿಡಲಿಲ್ಲ.

"ರೋಮಿಗೆ ಹೋಗೋದಾದ್ರೆ ನೆಟ್ಟಗೆ ರೋಮಿಗೇ ಹೋಗು. ಇದೇನಿದು, ಟಿಕೆಟ್ ತಗೊಂಡು ಅರ್ಧ ದಾರೀಲಿ ಇಳಿಯೋದು?" ಅಂದ.

"ನಾನು ರೋಮಿಗೆ ಹೋಗ್ತಿಲ್ಲ ಅಪ್ಪ. ಥಾರ್ನ್‌ಲೋಗೆ. ಬಸ್ಸಲ್ಲಿ ಒಂದು ಗಂಟೆ."

"ಬಸ್ಸಾದ್ರೆ ಸರಿ," ಎಂದು ಅಪ್ಪ ಪುಟ ತಿರುಗಿಸಿದ. ಬಸ್ ಹತ್ತಿಸುವ ದಿನ ಮಾತ್ರ ಅವನ ಮೂಗು ಕೆಂಪಗಾಗಿತ್ತು. ಚಳಿಗೆ ಹಾಗಾಗಿದೆ ಎಂದ. ಅದು ಜೂನ್ ತಿಂಗಳು, ಅಲ್ಲಿನ ಬೇಸಿಗೆ.

ಥಾರ್ನ್‌ಲೋದ ಸಂತ ಮಾಡ್ವೆನಾಳ ಮಠದಲ್ಲಿ ಆಗ ಊಟದ ಮೇಜುಗಳು ತುಂಬುವಷ್ಟು ಸೋದರಿಯರಿದ್ದರು. ಭಟ್ಟಿಯವನ ಮಗಳಿಗೆ ಬೆಂಕಿಯ ಹದ ಗೊತ್ತಿರಲೇಬೇಕೆಂದು ಅವಳನ್ನು ಬಿಲ್ಲೆ ಕೋಣೆಗೆ ಹಾಕಿದರು. ಭಾನುವಾರದ ಪ್ರಭುಭೋಜನದಲ್ಲಿ ಪಾದ್ರಿ ಜನರಿಗೆ ಕೊಡುವ ತೆಳ್ಳನೆಯ ರೊಟ್ಟಿಬಿಲ್ಲೆಗಳನ್ನು ಆ ಕೋಣೆಯಲ್ಲಿ ಮಾಡಿ, ಡಬ್ಬಗಳಲ್ಲಿ ತುಂಬಿ, ಎಲ್ಲೆಲ್ಲಿನ ಚರ್ಚುಗಳಿಗೋ ಅಂಚೆಯಲ್ಲಿ ಕಳಿಸುತ್ತಿದ್ದರು. ಮೈದಾ ಮತ್ತು ನೀರು, ಅಷ್ಟೇ, ಉಪ್ಪಿಲ್ಲ, ಹುಳಿಯಿಲ್ಲ. ಕಾದ ಎರಡು ಕಬ್ಬಿಣದ ತಟ್ಟೆಗಳ ನಡುವೆ ಹಿಟ್ಟು ಹೊಯ್ದು ಒತ್ತಿದರೆ ಹಪ್ಪಳದಂಥ ಹಾಳೆ ಬರುತ್ತದೆ. ಅದನ್ನು ತೇವದ ಕಪಾಟಿನಲ್ಲಿಟ್ಟು ಮೆತ್ತಗಾಗಿಸಿ, ಮರುದಿನ ಅಚ್ಚಿನಿಂದ ದುಂಡಗೆ ಕತ್ತರಿಸಬೇಕು. ತೇವ ಕಡಿಮೆಯಾದರೆ ಪುಡಿಯಾಗುತ್ತದೆ, ಹೆಚ್ಚಾದರೆ ಬೂಷ್ಟು ಹಿಡಿಯುತ್ತದೆ. ಕತ್ತರಿಸಿ ಉಳಿದ ಅಂಚುಗಳು ಕೋಳಿಗಳಿಗೆ. ಇಡೀ ಸ್ಟಾಫರ್ಡ್‌ಶೈರಿನಲ್ಲಿ ಅಷ್ಟು ಭಕ್ತಿಯ ಆಹಾರ ತಿಂದ ಕೋಳಿಗಳು ಬೇರೆ ಇರಲಿಲ್ಲ. ಮೊಟ್ಟೆ ಮಾತ್ರ ಮಾಮೂಲಿ.

ಥೆಕ್ಲಾ ಸುಡುವವಳು, ಸಿಸ್ಟರ್ ಉರ್ಸುಲಾ ಕತ್ತರಿಸುವವಳು. ಉರ್ಸುಲಾ ಚೆಷೈರಿನ ಪಾದ್ರಿಯೊಬ್ಬನ ಮಗಳು; ಆಂಗ್ಲಿಕನ್ ಪಾದ್ರಿಗಳಿಗೆ ಮದುವೆ ಉಂಟು. ಥೆಕ್ಲಾಳಿಗಿಂತ ಸ್ವಲ್ಪ ದೊಡ್ಡವಳು, ಉದ್ದ, ಬಡಕಲು. ಊಟ ಆಯಿತು ಎಂಬುದನ್ನೂ ಮನೆ ಬಿತ್ತು ಎಂಬುದನ್ನೂ ಒಂದೇ ಸ್ವರದಲ್ಲಿ ಹೇಳುವ ಹೆಂಗಸು. ಒಂದು ಸಲ ಬಿರುಗಾಳಿಗೆ ಪ್ರಾರ್ಥನಾಲಯದ ಚಾವಣಿಯ ಮೂಲೆ ಕುಸಿದಾಗ ಎಲ್ಲರೂ ಅಳುತ್ತ ನಿಂತಿದ್ದರು. ಉರ್ಸುಲಾ ತಲೆಯೆತ್ತಿ ತೂತನ್ನು ನೋಡಿ, "ಒಳಗೆ ಗಾಳಿ ಸಾಲ್ದು ಅಂತಿದ್ರಲ್ಲ," ಅಂದಳು. ತಮಾಷೆಯೋ ನಿಜವೋ ಅವಳ ಮುಖ ನೋಡಿ ಯಾರೂ ಹೇಳುವಂತಿರಲಿಲ್ಲ. ನಕ್ಕರೆ ತಪ್ಪಾದೀತು, ನಗದಿದ್ದರೂ ತಪ್ಪಾದೀತು ಎಂದು ಜನ ಕೆಮ್ಮುತ್ತಿದ್ದರು.

ಮೊದಲ ವರ್ಷಗಳಲ್ಲಿ ಇಬ್ಬರಿಗೂ ಚೆನ್ನಾಗಿಯೇ ಹೊಂದಿತ್ತು. ಕೆಲಸದ ಹೊತ್ತಿನಲ್ಲಿ ಮಾತಾಡಬಾರದು ಎಂಬುದು ಮಠದ ನಿಯಮ. ಮಧ್ಯಾಹ್ನದ ಊಟದ ಮೇಲೆ ಎಲ್ಲರೂ ಹೊಲಿಗೆ ಹಿಡಿದು ಕೂರುವಾಗ ಅರ್ಧ ಗಂಟೆ ಮಾತಿಗೆ ಬಿಡುವು. ಹಾಗಾಗಿ ಬಿಲ್ಲೆ ಕೋಣೆಯಲ್ಲಿ ಇಬ್ಬರೂ ತಮ್ಮದೇ ಒಂದು ರೂಢಿ ಮಾಡಿಕೊಂಡಿದ್ದರು. ಉರ್ಸುಲಾ ಮೇಜಿನ ಮೇಲೆ ಒಂದು ಸಲ ಬಡಿದರೆ ಹಾಳೆ ಒಣಗಿದೆ ಎಂದು, ಎರಡು ಸಲ ಬಡಿದರೆ ಎಲ್ಲ ಸರಿಯಿದೆ ಎಂದು. ಅದಕ್ಕೆ ಥೆಕ್ಲಾಳೂ ಎರಡು ಸಲ ಬಡಿದು ಉತ್ತರ ಕೊಡುತ್ತಿದ್ದಳು.

ಥೆಕ್ಲಾ ಸಾಯುವವರೆಗಿನ ವ್ರತ ತೊಟ್ಟಿದ್ದು ಸಾವಿರದ ಒಂಬೈನೂರ ಐವತ್ತನಾಲ್ಕರಲ್ಲಿ. ತೊಟ್ಟ ವಾರದಿಂದಲೇ ಅವಳ ಪ್ರಾರ್ಥನೆ ಒಣಗಿತು. ಮೊದಲೆಲ್ಲ ಮಂಡಿಯೂರಿದರೆ ಎದುರಿಗೆ ಯಾರೋ ಕೂತು ಕೇಳಿಸಿಕೊಳ್ಳುತ್ತಿದ್ದಾರೆ ಅನ್ನಿಸುತ್ತಿತ್ತು. ಈಗ ಬೀಗ ಹಾಕಿದ ಮನೆಯ ಬಾಗಿಲು ಬಡಿದಂತೆ. ಅವಳಿಗೆ ನಿಜವಾಗಿಯೂ ಹೆದರಿಕೆಯಾಯಿತು. ಪಾಪನಿವೇದನೆ ಕೇಳಲು ಬರುತ್ತಿದ್ದ ಮುದಿ ಪಾದ್ರಿಗೆ ಕಿವಿ ಕೇಳುತ್ತಿರಲಿಲ್ಲ. ಸಣ್ಣ ಪಾಪಗಳನ್ನು ಕೂಗಿ ಹೇಳಬಹುದು, ಇಂಥದ್ದನ್ನು ಕೂಗಿ ಹೇಳಲಾಗುವುದಿಲ್ಲ. ತಿಂಗಳುಗಟ್ಟಲೆ ಧೈರ್ಯ ಕೂಡಿಸಿಕೊಂಡು, ಮುಂದಿನ ಫೆಬ್ರವರಿಯ ಒಂದು ಬೆಳಿಗ್ಗೆ ಬಿಲ್ಲೆ ಕೋಣೆಯಲ್ಲಿ ನಿಯಮ ಮುರಿದು ಬಾಯಿಬಿಟ್ಟಳು.

"ಉರ್ಸುಲಾ, ಪ್ರಾರ್ಥನೆ ಮಾಡುವಾಗ ಆ ಕಡೆ ಯಾರೂ ಇಲ್ಲ ಅನ್ಸುತ್ತೆ ಕಣೆ ನಂಗೆ. ವ್ರತ ತಗೊಂಡಾಗಿಂದ. ಒಂದು ದಿನಾನೂ ಇಲ್ಲ."

ಉರ್ಸುಲಾ ಅಚ್ಚು ಒತ್ತಿದಳು. ಬಿಲ್ಲೆ ಬಿತ್ತು.

"ನಂಗಂತೂ ಯಾವತ್ತೂ ಇರ್ಲಿಲ್ಲ," ಅಂದಳು, ಚಾವಣಿಯ ಬಗ್ಗೆ ಹೇಳಿದ ಅದೇ ಸ್ವರದಲ್ಲಿ. "ಹಿಟ್ಟು ಕಲಸು."

ತಾನು ಮನಸ್ಸು ಬಿಚ್ಚಿ ಹೇಳಿದರೆ ಇವಳಿಗೆ ಗೇಲಿ! ಥೆಕ್ಲಾ ಹಿಟ್ಟು ಕಲಸಿದಳು, ಹಾಳೆ ಸುಟ್ಟಳು, ಒಂದು ಮಾತೂ ಆಡಲಿಲ್ಲ. ಆ ದಿನದ ಹಾಳೆಗಳು ಕೆಂಪಗೆ ಹೊತ್ತಿದ್ದವು. ಇವಳಾಗಿಯೇ ಬಂದು ಕ್ಷಮೆ ಕೇಳಲಿ ಎಂದು ಥೆಕ್ಲಾ ಕಾದಳು. ಉರ್ಸುಲಾ ಕೇಳಲಿಲ್ಲ. ಅಷ್ಟರಲ್ಲಿ ಉಪವಾಸದ ನಲವತ್ತು ದಿನ ಬಂತು. ಆಗ ಮಧ್ಯಾಹ್ನದ ಮಾತಿನ ಬಿಡುವೂ ಇಲ್ಲ. ಈಸ್ಟರ್ ಬರುವ ಹೊತ್ತಿಗೆ ಮಾತಾಡದಿರುವುದು ಅಭ್ಯಾಸವಾಗಿತ್ತು. ಬೇರೆ ಮನೆಗಳಲ್ಲಿ ಇಬ್ಬರು ಮಾತು ಬಿಟ್ಟರೆ ಅತ್ತೆಯೋ ಪಕ್ಕದ ಮನೆಯವಳೋ ಮೂಗು ತೂರಿಸಿ ಸರಿಮಾಡುತ್ತಾರೆ. ಕೋಪ ಸಾಕಿಕೊಳ್ಳಲು ಮಠದಷ್ಟು ಅನುಕೂಲವಾದ ಜಾಗ ಇನ್ನೊಂದಿಲ್ಲ.

ಹೀಗೆ ಮೂವತ್ತು ವರ್ಷ ನಡೆಯಿತು.

ಯಾರಿಗೂ ಗೊತ್ತಾಗಲಿಲ್ಲ ಎನ್ನುವುದು ಸುಳ್ಳು. ಗೊತ್ತಾಯಿತು, ಆದರೆ ಬೇರೆ ಥರ ಗೊತ್ತಾಯಿತು. ಬಿಡುವಿನ ಅರ್ಧ ಗಂಟೆಯಲ್ಲೂ ಇವರಿಬ್ಬರು ಒಬ್ಬರಿಗೊಬ್ಬರು ಮಾತಾಡದ್ದನ್ನು ಕಂಡು ಹಿರಿಯರ ಕಣ್ಣಲ್ಲಿ ನೀರು ಬಂತು. "ಬಿಲ್ಲೆ ಕೋಣೆ ನೋಡಿ ಕಲೀರಿ," ಎಂದು ಹೊಸಬರಿಗೆ ಹೇಳತೊಡಗಿದರು. ಧ್ಯಾನಕ್ಕೆ ಬಂದಿದ್ದ ಒಬ್ಬ ಪಾದ್ರಿ ಕಿಟಕಿಯಿಂದ ಇಣುಕಿ ನೋಡಿ, ತನ್ನ ಊರಿನ ಚರ್ಚ್ ಪತ್ರಿಕೆಯಲ್ಲಿ ಇವರ ಮೌನದ ಮೇಲೆ ಎರಡು ಪುಟ ಬರೆದ. ಮಾತು ಬೆಳ್ಳಿ, ಮೌನ ಬಂಗಾರ ಅನ್ನುತ್ತಾರಲ್ಲ. ಬಂಗಾರ ಎಲ್ಲಿಂದ ಬಂತೆಂದು ಯಾರೂ ಕೇಳುವುದಿಲ್ಲ.

ಶುಕ್ರವಾರ ಶುಕ್ರವಾರ ಎಲ್ಲರ ಎದುರು ಮಂಡಿಯೂರಿ ನಿಯಮ ಮುರಿದ ತಪ್ಪುಗಳನ್ನು ಒಪ್ಪಿಕೊಳ್ಳುವ ಪದ್ಧತಿ ಮಠದಲ್ಲಿತ್ತು. ಕಪ್ಪು ಒಡೆದೆ, ಬಾಗಿಲು ಬಡಿದೆ, ಮೆಟ್ಟಿಲ ಮೇಲೆ ಮಾತಾಡಿದೆ. ಥೆಕ್ಲಾ ಕೂಡ ತಪ್ಪದೆ ಒಪ್ಪಿಕೊಳ್ಳುತ್ತಿದ್ದಳು: ಹಾಳೆ ಸೀಯಿಸಿದೆ, ಗಂಟೆ ಹೊಡೆದ ಮೇಲೆ ಬಂದೆ. ಮಾತಾಡುವುದು ತಪ್ಪೆಂದು ನಿಯಮದಲ್ಲಿತ್ತು. ಮಾತಾಡದಿರುವುದು ತಪ್ಪೆಂದು ಎಲ್ಲೂ ಇರಲಿಲ್ಲ.

ಒಂದು ವಿಷಯ ಮಾತ್ರ ಅವಳ ಸಿಟ್ಟನ್ನು ಆರಲು ಬಿಡಲಿಲ್ಲ. ದಿನಾ ಬೆಳಿಗ್ಗೆ ಉರ್ಸುಲಾ ಕೋಣೆಗೆ ಬಂದವಳೇ, ಕಪಾಟಿನಿಂದ ಇನ್ನೂ ಒಂದು ಹಾಳೆಯನ್ನೂ ತೆಗೆಯದೆ, ಮೇಜಿನ ಮೇಲೆ ಎರಡು ಸಲ ಬಡಿಯುತ್ತಿದ್ದಳು. ಇನ್ನು ಕೆಲಸ ಶುರುಮಾಡು ಎಂಬ ಅಪ್ಪಣೆ ಅದು ಎಂದು ಥೆಕ್ಲಾ ತಿಳಿದಿದ್ದಳು. ಪಾದ್ರಿಯ ಮಗಳಲ್ಲವೇ, ಭಟ್ಟಿಯವನ ಮಗಳ ಮೇಲೆ ದರ್ಬಾರು ನಡೆಸುವುದು ರಕ್ತದಲ್ಲೇ ಬಂದಿದೆ. ಥೆಕ್ಲಾ ಒಂದು ದಿನವೂ ತಿರುಗಿ ಬಡಿಯಲಿಲ್ಲ.

ಎಂಬತ್ತೈದರ ನವೆಂಬರಿನಲ್ಲಿ ಉರ್ಸುಲಾಳ ಎದೆಗೆ ಶೀತ ಇಳಿಯಿತು. ಅವಳನ್ನು ಮಠದ ಆಸ್ಪತ್ರೆ ಕೋಣೆಯಲ್ಲಿ ಮಲಗಿಸಿದರು. ಥೆಕ್ಲಾ ಒಂದು ಸಲ ಹೋಗಿ ಬಾಗಿಲಲ್ಲಿ ನಿಂತಳು. ಉರ್ಸುಲಾ ಕಣ್ಣು ಮುಚ್ಚಿದ್ದಳು. ಕಲಸಿಟ್ಟ ಹಿಟ್ಟು ಹಾಳಾಗುತ್ತದೆ ಎಂದುಕೊಂಡು ಹಿಂದಿರುಗಿದಳು. ಎರಡು ದಿನ ಬಿಟ್ಟು ಸಾವಿನ ಗಂಟೆ ಹೊಡೆಯಿತು. ಮರುದಿನ ಕೋಣೆಗೆ ಹೋಗಿ ಒಲೆ ಹಚ್ಚಿದ ಥೆಕ್ಲಾ, ತಾನು ಕೈಕಟ್ಟಿ ನಿಂತು ಆ ಹಾಳು ಬಡಿತಕ್ಕೆ ಕಾಯುತ್ತಿದ್ದೇನೆಂದು ತಿಳಿದು ಸಿಡುಕಿದಳು.

ಸತ್ತ ಸೋದರಿಯ ಮೊದಲ ವರ್ಷದ ನೆನಪಿನ ದಿನ, ಅವಳ ಜೊತೆ ಕೆಲಸ ಮಾಡಿದವಳು ಊಟದ ಹೊತ್ತಿನಲ್ಲಿ ಎದ್ದು ನಿಂತು ಅವಳ ಬದುಕನ್ನು ಹೇಳಬೇಕು. ಕೊನೆಯಲ್ಲಿ ಅವಳಿಂದ ನಮ್ಮ ನಂಬಿಕೆಗೆ ಸಿಕ್ಕಿದ್ದೇನು ಎಂದೂ ಹೇಳಬೇಕು. ಉಳಿದವರು ಮೌನವಾಗಿ ಉಣ್ಣುತ್ತ ಕೇಳಿ, ಮುಗಿದ ಮೇಲೆ "ದೇವರಿಗೆ ಸ್ತೋತ್ರ" ಎನ್ನಬೇಕು. ಈ ಮಾತುಗಳಿಗೆಂದೇ ಮಠದಲ್ಲಿ ಒಂದು ಭಾಷೆ ಬೆಳೆದಿತ್ತು. ಸಂಗೀತದಲ್ಲಿ ಅಪಾರ ಪ್ರೀತಿ ಅಂದರೆ ಆಕೆಗೆ ಶ್ರುತಿ ಇರಲಿಲ್ಲ. ದೃಢ ಮನಸ್ಸಿನವರು ಅಂದರೆ ಅವರ ಜೊತೆ ಯಾರಿಗೂ ಏಗಲಾಗಲಿಲ್ಲ. ಸಿಸ್ಟರ್ ಆಲ್ಡಿತ್ ಜೇನು ಸಾಕಿದ್ದಳು; ಅವಳಿಗೆ ಸಕಲ ಜೀವಿಗಳಲ್ಲಿ ಕರುಣೆ ಇತ್ತು ಎಂದು ಈಗಲೂ ಹೇಳುತ್ತಾರೆ. ಆ ಜೀವಿಗಳು ಅತಿಥಿ ಪಾದ್ರಿಯೊಬ್ಬರನ್ನು ಕೆಳಗಿನ ಹೊಳೆಯವರೆಗೆ ಅಟ್ಟಿಸಿಕೊಂಡು ಹೋದದ್ದನ್ನು ಹೇಳುವುದಿಲ್ಲ. ಥೆಕ್ಲಾಳಿಗೆ ಇದೆಲ್ಲ ಕೇಳಿದಾಗ ಮೈ ಉರಿಯುತ್ತಿತ್ತು. ಜೇನಿನ ಕಥೆಯಿದ್ದರೆ ತಾನೇ ಅದು ಆಲ್ಡಿತ್?

ಮುಂದಿನ ಅಕ್ಟೋಬರಿನಲ್ಲಿ ಮದರ್ ಫಿಲಿಪ್ಪಾ ಅವಳನ್ನು ಕರೆಸಿದರು. ಮಠದ ಮುಖ್ಯಸ್ಥೆಯಾಗಿದ್ದರೂ ಫಿಲಿಪ್ಪಾ ಥೆಕ್ಲಾಳಿಗಿಂತ ಚಿಕ್ಕವರು. ಬಿಲ್ಲೆ ಕೋಣೆ ನೋಡಿ ಕಲೀರಿ ಎಂದು ಹೇಳಿಸಿಕೊಂಡು ಬೆಳೆದವರು. ಬಹಳ ಭಕ್ತೆ. ಸಂಜೆಯ ಪ್ರಾರ್ಥನೆ ಮುಗಿದು ಎಲ್ಲರೂ ಎದ್ದುಹೋದ ಮೇಲೂ ಒಬ್ಬರೇ ಕೂತಿರುತ್ತಿದ್ದರು.

"ಉರ್ಸುಲಾ ಬಗ್ಗೆ ನೀವೇ ಮಾತಾಡ್ಬೇಕು ಸಿಸ್ಟರ್. ನಿಮ್ಮಷ್ಟು ಹತ್ತಿರ ಯಾರಿದ್ರು?"

"ಮೇಜಿನ ಈ ಕಡೆ ಇದ್ದೆ ಮದರ್, ಅಷ್ಟೇ."

"ಅದೇ ಹೇಳಿ. ನಿಮ್ಮಿಬ್ರ ಮೌನದ ಬಗ್ಗೆ ಹೇಳಿ."

"ನಂಗೆ ಅವಳ ಬಗ್ಗೆ ಏನೂ ಗೊತ್ತಿಲ್ಲ ಮದರ್."

"ಎಷ್ಟು ಚೆನ್ನಾಗಿ ಹೇಳಿದ್ರಿ!" ಎಂದರು ಮದರ್. "ಇದನ್ನೇ ಶುರುನಲ್ಲಿ ಹೇಳಿ."

ಥೆಕ್ಲಾ ಹೊರಗೆ ಬಂದಳು. ಮೌನದ ದೇವತೆಯೆಂದು ಉರ್ಸುಲಾಳನ್ನು ಹೊಗಳಿದರೆ ಊಟದ ಮನೆಯಲ್ಲಿ ದೇವರ ಎದುರಿಗೇ ಸುಳ್ಳು ಹೇಳಿದಂತೆ. ನಿಜ ಹೇಳಿದರೆ ತನ್ನ ಹೆಸರು ಹೋಗಲಿ, ಸತ್ತವಳ ಹೆಸರೂ ಹೋಗುತ್ತದೆ, ತಿರುಗಿ ಒಂದು ಮಾತಾಡಲು ಅವಳಿಲ್ಲ. ಎರಡರಲ್ಲಿ ಒಂದನ್ನು ಮಾಡಲೇಬೇಕಿತ್ತು. ಏನಾದರೂ ಮೂರನೆಯದು ಸಿಕ್ಕೀತೆಂದು ಆಸ್ಪತ್ರೆ ಕೋಣೆಗೆ ಹೋದಳು.

ಅಲ್ಲಿ ರೋಗಿಗಳನ್ನು ನೋಡಿಕೊಳ್ಳುತ್ತಿದ್ದವಳು ಸಿಸ್ಟರ್ ಬಾರ್ನಬಸ್. ಲ್ಯಾಂಕಾಶೈರಿನ ದಪ್ಪ ಹೆಂಗಸು. ಮಠಕ್ಕೆ ಬಂದಾಗ ಗಂಡು ಸಂತನ ಹೆಸರು ಕೊಟ್ಟರೂ ಬೇಸರಿಸದವಳು. ಮೆಟ್ಟಿಲ ಮೇಲೆ ಮಾತಾಡಿದೆ ಎಂದು ವಾರ ವಾರ ಒಪ್ಪಿಕೊಳ್ಳುತ್ತಿದ್ದವಳು ಇವಳೇ.

"ಬಾರೇ ಪುಣ್ಯಾತ್ಗಿತ್ತಿ. ಏನು, ಮಂಡಿ ನೋವಾ?"

"ಉರ್ಸುಲಾ ಕೊನೇಲಿ ಏನಂದ್ಲು?"

"ಟೀ ತಣ್ಣಗಾಗಿದೆ ಅಂದ್ಲು. ಆಗಿತ್ತು."

"ಅದಕ್ಕೂ ಮುಂಚೆ?"

ಬಾರ್ನಬಸ್ ಮಡಿಚುತ್ತಿದ್ದ ಹಾಸಿಗೆಯ ಬಟ್ಟೆಯನ್ನು ಪಕ್ಕಕ್ಕಿಟ್ಟಳು. "ನಿನ್ನ ಕೇಳಿದ್ಲು. ಬಂದಿದ್ಲು, ಬಾಗಿಲಲ್ಲೇ ನಿಂತು ಹೋದ್ಲು ಅಂದೆ. 'ಹಿಟ್ಟು ಕಾಯ್ತಿರುತ್ತೆ' ಅಂದ್ಲು. ಆಮೇಲೆ ಇನ್ನೊಂದು ಮಾತು. 'ನನ್ನ ಜನ್ಮದಲ್ಲಿ ಒಂದೇ ಒಂದು ನಿಜಾನ ಒಬ್ಬಳ ಹತ್ರ ಹೇಳಿದ್ದೆ. ಅವಳು ತಮಾಷೆ ಅಂದ್ಕೊಂಡ್ಲು. ನನ್ನ ಮುಖಾನೇ ಹಾಗಲ್ವಾ, ಅವಳದೇನು ತಪ್ಪು' ಅಂತ. ಏನೇ ಅದು ಅಂದೆ. 'ಥೆಕ್ಲಾನ ಕೇಳು' ಅಂದ್ಲು. ಈಗ ನೀನೇ ಹೇಳು, ಏನೇ ಅದು?"

ಥೆಕ್ಲಾ ಖಾಲಿ ಮಂಚದ ತುದಿಯಲ್ಲಿ ಕೂತಳು.

"ಇಷ್ಟು ದಿನ ಯಾಕೆ ಹೇಳ್ಲಿಲ್ಲ ನೀನು?"

"ನಿಮ್ಮಿಬ್ರ ಮಧ್ಯೆ ಬಾಯಿ ಹಾಕೋಕೆ ನಾನ್ಯಾರೇ? ಪತ್ರಿಕೇಲಿ ಬಂದಿರೋ ಮೌನ ನಿಮ್ದು."

"ಅದು ಜಗಳ ಕಣೆ."

"ಯಾವುದು?"

"ಮೌನ."

ಬಾರ್ನಬಸ್ ಮಂಚದ ಇನ್ನೊಂದು ತುದಿಯಲ್ಲಿ ಕೂತಾಗ ಥೆಕ್ಲಾ ಕೂತಿದ್ದ ತುದಿ ಸ್ವಲ್ಪ ಮೇಲೆದ್ದಿತು.

"ದೇವರೇ! ನಂಗೂ ಅವರಿಬ್ರ ಹಾಗೆ ಬಾಯಿ ಮುಚ್ಕೊಂಡಿರೋ ಶಕ್ತಿ ಕೊಡಪ್ಪ ಅಂತ ದಿನಾ ಬೇಡ್ತಿದ್ದೆನಲ್ಲೇ ನಾನು!"

"ಕೊಟ್ನಾ?"

"ಎಲ್ಲಿ ಕೊಟ್ಟ."

"ಒಳ್ಳೇದಾಯ್ತು ಬಿಡು," ಅಂದಳು ಥೆಕ್ಲಾ.

ಮರುದಿನ ಬೆಳಿಗ್ಗೆ ಅವಳು ಉರ್ಸುಲಾಳ ಜಾಗದಲ್ಲಿ ನಿಂತು ಬಿಲ್ಲೆ ಕತ್ತರಿಸಿದಳು. ಈಗ ಎರಡೂ ಕೆಲಸ ಅವಳದೇ. ಅಚ್ಚಿನ ಹಿಡಿ ಉರ್ಸುಲಾಳ ಅಂಗೈಗೆ ಸವೆದಿತ್ತು, ಥೆಕ್ಲಾಳ ಕೈಗೆ ಕೂರುತ್ತಿರಲಿಲ್ಲ. ನಂಗಂತೂ ಯಾವತ್ತೂ ಇರ್ಲಿಲ್ಲ. ಅದು ಗೇಲಿಯಲ್ಲ. ಆ ಹೆಂಗಸು ತನ್ನ ಬಳಿಯಿದ್ದ ಒಂದೇ ಗುಟ್ಟನ್ನು ತೆಗೆದು ಕೈಗಿಟ್ಟಿದ್ದಳು. ನಿನಗೆ ಈಗಷ್ಟೇ ಹೀಗಾಗಿದೆ, ನನಗೆ ಮೊದಲಿನಿಂದಲೂ ಹೀಗೇ, ಆದರೂ ಇಲ್ಲಿದ್ದೇನೆ ನೋಡು, ನೀನೂ ಇರು, ಹಿಟ್ಟು ಕಲಸು. ಅಷ್ಟನ್ನೂ ಅವಳು ತನ್ನ ಭಾಷೆಯಲ್ಲಿ ಹೇಳಿ ಮುಗಿಸಿದ್ದಳು. ಒಂದು ದಿನವೂ ಉತ್ತರ ಕೊಡದ ದೇವರಿಗೆ ಜೀವಮಾನವೆಲ್ಲ ಬಿಲ್ಲೆ ಕತ್ತರಿಸಿದಳು, ಉತ್ತರ ಕೊಡದ ಥೆಕ್ಲಾಳಿಗೆ ಪ್ರತಿ ಬೆಳಿಗ್ಗೆ ಎರಡು ಸಲ ಬಡಿದಳು. ಎರಡು ಬಡಿತ ಅಂದರೆ ಸರಿಯಿದೆ ಎಂದು. ಅದರ ಅರ್ಥ ಗೊತ್ತಿದ್ದವರು ಲೋಕದಲ್ಲಿ ಇಬ್ಬರೇ. ಥೆಕ್ಲಾ ಅತ್ತಳು. ಆ ದಿನದ ಬಿಲ್ಲೆಗಳಿಗೆ ತೇವ ಹೆಚ್ಚಾಗಿ ಎಲ್ಲವನ್ನೂ ಕೋಳಿಗಳಿಗೆ ಹಾಕಬೇಕಾಯಿತು.

ನೆನಪಿನ ದಿನ ಲೀಕ್ ಸೂಪು, ಬೇಯಿಸಿದ ಆಲೂಗಡ್ಡೆ. ಮೇಜುಗಳು ಈಗ ಅರ್ಧ ಖಾಲಿ. ಥೆಕ್ಲಾ ಎದ್ದು ನಿಂತಳು, ಕೈಗಳನ್ನು ನಿಲುವಂಗಿಯ ತೋಳಿನೊಳಗೆ ಸೇರಿಸಿದಳು.

"ಸಿಸ್ಟರ್ ಉರ್ಸುಲಾ ಬಿಲ್ಲೆ ಕತ್ತರಿಸ್ತಿದ್ರು," ಅಂದಳು. "ಚೆನ್ನಾಗಿ ಕತ್ತರಿಸ್ತಿದ್ರು. ನಾವಿಬ್ರೂ ಮೂವತ್ತು ವರ್ಷ ಮಾತಾಡ್ಲಿಲ್ಲ. ಅದು ಮೌನ ಅಲ್ಲ, ಜಗಳ. ಶುರು ಮಾಡಿದ್ದು ನಾನು. ನಂಗೆ ಪ್ರಾರ್ಥನೇಲಿ ಯಾರೂ ಸಿಗ್ತಿಲ್ಲ ಅಂತ ಅವರ ಹತ್ರ ಹೇಳ್ಕೊಂಡೆ. ತಮಗೆ ಯಾವತ್ತೂ ಸಿಕ್ಕಿಲ್ಲ ಅಂದ್ರು. ನಾನು ಗೇಲಿ ಅಂದ್ಕೊಂಡೆ. ಅವರು ನಿಜ ಹೇಳಿದ್ರು."

ಯಾರದೋ ಚಮಚ ತಟ್ಟೆಗೆ ತಾಗಿತು.

"ಇದನ್ನ ಹೇಳಬಹುದೋ ಬೇಡವೋ ಅಂತ ಯೋಚಿಸ್ದೆ. 'ಥೆಕ್ಲಾನ ಕೇಳು' ಅಂತ ಅವರೇ ಹೇಳಿ ಹೋಗಿದಾರೆ, ಅದಕ್ಕೆ ಹೇಳ್ತಿದೀನಿ. ಅವರು ಎದ್ದು ಹೋಗ್ಬಹುದಿತ್ತು. ಹೋಗ್ಲಿಲ್ಲ. ದಿನಾ ಬಂದ್ರು. ನಿಮ್ಮಲ್ಲಿ ಯಾರಾದ್ರೂ ಇಂಥ ಮಾತು ಹೇಳೋಕೆ ಬಂದ್ರೆ, ಬಂದವರ ಮುಖ ನೋಡಬೇಡಿ, ಇನ್ನೊಂದು ಮಾತು ಕೇಳಿ. ನಾನು ಕೇಳ್ಲಿಲ್ಲ. ನಮ್ಮ ನಂಬಿಕೆಗೆ ಅವರಿಂದ ಸಿಕ್ಕಿದ್ದು ಇದು. ಅಷ್ಟೇ."

ಈಗ ಎಲ್ಲರೂ ದೇವರಿಗೆ ಸ್ತೋತ್ರ ಎನ್ನಬೇಕು. ಯಾರೂ ಅನ್ನಲಿಲ್ಲ. ಸೂಪಿನ ಮೇಲೆ ಕೆನೆ ಕಟ್ಟುವಷ್ಟು ಹೊತ್ತು ಕಳೆಯಿತು. ಕೊನೆಗೆ ಬಾರ್ನಬಸ್, ದನ ಕೂಗುವ ದನಿಯಲ್ಲಿ, "ದೇವರಿಗೆ ಸ್ತೋತ್ರ!" ಅಂದಳು. ನಿಯಮ ನಿಯಮವೇ ಆದ್ದರಿಂದ ಉಳಿದವರೂ ಅಂದರು. ಮದರ್ ಫಿಲಿಪ್ಪಾ ಗಂಟೆ ಬಾರಿಸಿದರು, ಹಾಲಿನ ಪುಡಿಂಗ್ ಬಂತು. ಸಿಸ್ಟರ್ ಥೆಕ್ಲಾಳ ಹೆಸರು ಆವತ್ತೇ ಕೆಟ್ಟಿತು ಎಂದು ನೀವು ತಿಳಿದರೆ ತಪ್ಪು. ಸಂಜೆಯ ಹೊತ್ತಿಗೆ ಇಬ್ಬರು ಮುದುಕಿಯರು ಅವಳ ಸತ್ಯವಂತಿಕೆಯನ್ನು ಕೊಂಡಾಡುತ್ತಿದ್ದರು.

ಮರುದಿನ ಬೆಳಿಗ್ಗೆ ಥೆಕ್ಲಾ ಒಲೆ ಹಚ್ಚುತ್ತಿದ್ದಾಗ ಬಿಲ್ಲೆ ಕೋಣೆಯ ಬಾಗಿಲು ತೆರೆಯಿತು. ಮದರ್ ಫಿಲಿಪ್ಪಾ. ಬೈಯಲು ಬಂದಿದ್ದಾರೆ ಎಂದುಕೊಂಡು ಥೆಕ್ಲಾ ಸೆಟೆದು ನಿಂತಳು. ಮದರ್ ಮೇಜಿನ ಆ ಕಡೆ ಹೋಗಿ, ಉರ್ಸುಲಾಳ ಜಾಗದಲ್ಲಿ ನಿಂತು, ಅಚ್ಚನ್ನು ಕೈಯಲ್ಲಿ ತಿರುಗಿಸಿ ನೋಡಿದರು. ಅದು ಮಾತಾಡಬಾರದ ಹೊತ್ತು.

"ಸಂಜೆ ಎಲ್ರೂ ಹೋದ್ಮೇಲೆ ಕೂತಿರ್ತೀನಲ್ಲ ಸಿಸ್ಟರ್," ಎಂದರು ಕೆಳಗೆ ನೋಡುತ್ತ. "ಅದು ಭಕ್ತಿ ಅಲ್ಲ. ಕಾಯ್ತಿರ್ತೀನಿ. ಯಾರೂ ಬರಲ್ಲ. ಬಹಳ ವರ್ಷ ಆಯ್ತು."

ಥೆಕ್ಲಾಳಿಗೆ ಮನಸ್ಸಿನಲ್ಲಿ ಬೇಕಾದಷ್ಟು ಬಂತು, ಬಾಯಿಗೆ ಬಂದದ್ದು ಇಷ್ಟೇ.

"ನಂಗೂ ಇಲ್ಲ ಮದರ್. ಹಿಟ್ಟು ಕಲಸಿ."

ಹೇಳಿದ ಮೇಲೆ ತನ್ನ ದನಿ ತನಗೇ ಕೇಳಿಸಿತು, ಉರ್ಸುಲಾಳದೇ ಸಪಾಟು ದನಿ. ಎದುರಿಗೆ ಮದರ್ ಅವರ ಮುಖ ಸಣ್ಣದಾಯಿತು. ಆ ಮುಖವನ್ನು ಥೆಕ್ಲಾ ಕನ್ನಡಿಯಿಲ್ಲದೆಯೂ ಬಲ್ಲಳು; ಆ ಫೆಬ್ರವರಿಯ ಬೆಳಿಗ್ಗೆ ಅದು ಅವಳದೇ ಆಗಿತ್ತು. ಗಾಬರಿಯಿಂದ ಹಿಟ್ಟಿನ ಬೋಗುಣಿಯನ್ನು ಮೇಜಿನ ಆ ಕಡೆಗೆ ತಳ್ಳಿದಳು.

"ಕಲಸ್ತಾ ಹೇಳಿ," ಅಂದಳು. "ಯಾವಾಗಿಂದ? ಎಲ್ಲಾ ಹೇಳಿ."